ಮಗುವಿನ ರಕ್ತನಾಳದ ಮಚ್ಚೆ: ಕ್ಲಿನಿಕಲ್ ಟ್ರಯಲ್‌ಗೆ ಸೇರಿಸುವುದು ಹೇಗೆ?

ಎರಡು ವಾರದ ಕೂಸಿನ ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದಷ್ಟು ಕೆಂಪು ಚುಕ್ಕೆಯಾಗಿ ಕಾಣಿಸಿಕೊಂಡದ್ದು, ಮೂರನೇ ತಿಂಗಳಲ್ಲಿ ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮೆತ್ತಗೆ ಉಬ್ಬಿ ರೂಪಾಯಿ ನಾಣ್ಯದಷ್ಟು ಅಗಲವಾಗಿದ್ದರೆ, ಅದು ಹೀಮಾಂಜಿಯೋಮ ಆಗಿರುವ ಸಾಧ್ಯತೆ ಹೆಚ್ಚು. ಹುಟ್ಟಿದ ದಿನವೇ ಇದ್ದು, ನೇರಳೆ ಹಣ್ಣಿನ ರಸ ಚೆಲ್ಲಿದಂತೆ ಚಪ್ಪಟೆಯಾಗಿ ಕಾಣುವ, ಮಗುವಿನ ಜೊತೆಗೇ ಬೆಳೆಯುವ ಗುರುತು ಪೋರ್ಟ್‌ವೈನ್ ಕಲೆ. ಹೀಮಾಂಜಿಯೋಮ ಮೊದಲ ತಿಂಗಳುಗಳಲ್ಲಿ ವೇಗವಾಗಿ ಬೆಳೆದು, ನಂತರ ವರ್ಷಗಳ ಅವಧಿಯಲ್ಲಿ ತಾನಾಗಿ ಕುಗ್ಗುತ್ತದೆ. ಪೋರ್ಟ್‌ವೈನ್ ಕಲೆ ತಾನಾಗಿ ಹೋಗುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದದ್ದರಿಂದ ಹೀಗಾಯಿತು ಎಂಬ ಮಾತನ್ನು ತಾಯಂದಿರು ಇಂದಿಗೂ ಕೇಳಬೇಕಾಗಿದೆ. ಇದು ನಿಜವಲ್ಲ. ಪೋರ್ಟ್‌ವೈನ್ ಕಲೆಗೆ ಭ್ರೂಣದ ಕೆಲವು ಜೀವಕೋಶಗಳಲ್ಲಿ ಮಾತ್ರ ಆಗುವ ಜಿಎನ್‌ಎಕ್ಯೂ ಎಂಬ ವಂಶವಾಹಿಯ ಬದಲಾವಣೆ ಕಾರಣವೆಂದು 2013ರಲ್ಲಿ ತಿಳಿದುಬಂತು. ಅದು ತಾಯಿಯಿಂದಲೋ ತಂದೆಯಿಂದಲೋ ಬಂದದ್ದಲ್ಲ, ಯಾರ ತಪ್ಪೂ ಅಲ್ಲ.

ಮೊದಲು ಮಚ್ಚೆಯ ಹೆಸರು ತಿಳಿಯಿರಿ

ಕ್ಲಿನಿಕಲ್ ಟ್ರಯಲ್ ಎಂದರೆ ಒಂದು ಚಿಕಿತ್ಸೆ ಕೆಲಸ ಮಾಡುತ್ತದೆಯೇ, ಸುರಕ್ಷಿತವೇ ಎಂದು ರೋಗಿಗಳಲ್ಲಿ ನಿಯಮಬದ್ಧವಾಗಿ ಪರೀಕ್ಷಿಸುವ ಅಧ್ಯಯನ. ಒಂದು ಬಗೆಯ ಮಚ್ಚೆಗಾಗಿ ನಡೆಯುವ ಟ್ರಯಲ್‌ಗೆ ಇನ್ನೊಂದು ಬಗೆಯ ಮಚ್ಚೆಯಿರುವ ಮಗುವನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮಕ್ಕಳ ಚರ್ಮರೋಗ ತಜ್ಞರಿಗೆ ತೋರಿಸಿ, ರೋಗದ ಹೆಸರನ್ನು ಇಂಗ್ಲಿಷ್ ಕಾಗುಣಿತದ ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆದರೆ ಮಚ್ಚೆ ಕಣ್ಣಿನ ರೆಪ್ಪೆಯನ್ನು ಮುಚ್ಚುತ್ತಿದ್ದರೆ, ಹುಣ್ಣಾಗಿ ರಕ್ತ ಒಸರುತ್ತಿದ್ದರೆ, ಮಗು ಉಸಿರೆಳೆಯುವಾಗ ಸದ್ದಾಗುತ್ತಿದ್ದರೆ ಟ್ರಯಲ್‌ಗಾಗಿ ಕಾಯುತ್ತ ಕೂರಬೇಡಿ. ಹಣೆ ಮತ್ತು ರೆಪ್ಪೆಯ ಮೇಲೆ ಪೋರ್ಟ್‌ವೈನ್ ಕಲೆಯಿರುವ ಮಗುವಿಗೆ ಕಣ್ಣಿನ ಒತ್ತಡದ ತಪಾಸಣೆಯೂ ಆಗಬೇಕು; ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಾಬೀತಾದ ಚಿಕಿತ್ಸೆ ಇರುವಾಗ ಅದನ್ನು ಮುಂದೂಡಿ ಪ್ರಯೋಗಕ್ಕೆ ಕಾಯುವುದು ಮಗುವಿಗೆ ಮಾಡುವ ಅನ್ಯಾಯ.

ಟ್ರಯಲ್ ಹುಡುಕುವುದು

ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ) ಎಂಬ ನೋಂದಣಿಯಲ್ಲಿ ದಾಖಲಾಗುತ್ತವೆ. 2007ರಲ್ಲಿ ಆರಂಭವಾದ ಈ ವ್ಯವಸ್ಥೆ 2009ರ ಜೂನ್‌ನಿಂದ ಕಡ್ಡಾಯವಾಗಿದೆ. ಇದರ ಜಾಲತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಹುಡುಕಬಹುದು. ಚೀಟಿಯಲ್ಲಿರುವ ಹೆಸರನ್ನು ಟೈಪ್ ಮಾಡಿ, ಸಿಕ್ಕಿದ ದಾಖಲೆಯಲ್ಲಿ ಟ್ರಯಲ್ ಯಾವ ಆಸ್ಪತ್ರೆಯಲ್ಲಿ ನಡೆಯುತ್ತಿದೆ, ಇನ್ನೂ ಸೇರಿಸಿಕೊಳ್ಳುತ್ತಿದ್ದಾರೆಯೇ, ಎಥಿಕ್ಸ್ ಕಮಿಟಿಯ (ಭಾಗವಹಿಸುವವರ ಸುರಕ್ಷತೆ, ಹಕ್ಕುಗಳನ್ನು ಪರಿಶೀಲಿಸುವ ಸಮಿತಿ) ಒಪ್ಪಿಗೆ ದೊರೆತಿದೆಯೇ, ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ನೋಡಿ. ಟ್ರಯಲ್ ಎಂದು ಹೇಳಿ ನೋಂದಣಿ ಸಂಖ್ಯೆ ಕೊಡಲು ಹಿಂಜರಿಯುವವರಿಂದ ದೂರವಿರಿ.

ಅರ್ಹತೆಯ ನಿಯಮಗಳು ಬಿಗಿಯಾಗಿರುತ್ತವೆ. ಹೀಮಾಂಜಿಯೋಮಕ್ಕೆ ಪ್ರೊಪ್ರನೊಲಾಲ್ ಔಷಧವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಕ್ಕೆ 35ರಿಂದ 150 ದಿನ ವಯಸ್ಸಿನ ಶಿಶುಗಳನ್ನು ಮಾತ್ರ ತೆಗೆದುಕೊಂಡಿದ್ದರು. ಹೀಗಾಗಿ ಒಂದು ತಿಂಗಳು ತಡಮಾಡಿದರೂ ಅವಕಾಶ ತಪ್ಪಬಹುದು. ಈ ಔಷಧದ ಗುಣ ತಿಳಿದುಬಂದದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಮೂಗಿನ ಮೇಲೆ ಹೀಮಾಂಜಿಯೋಮ ಇದ್ದ ಮಗುವೊಂದಕ್ಕೆ ಹೃದಯದ ತೊಂದರೆಗಾಗಿ ಪ್ರೊಪ್ರನೊಲಾಲ್ ಕೊಟ್ಟಾಗ, ಮರುದಿನವೇ ಮಚ್ಚೆಯ ಕಡುಗೆಂಪು ಬಣ್ಣ ಮಾಸಿ ಅದು ಮೆತ್ತಗಾದದ್ದನ್ನು ವೈದ್ಯೆ ಕ್ರಿಸ್ಟೀನ್ ಲಿಯೋಟೆ-ಲಾಬ್ರೆಜ್ ಮತ್ತವರ ತಂಡ ಗಮನಿಸಿ 2008ರಲ್ಲಿ ವರದಿ ಮಾಡಿತು.

ಒಪ್ಪಿಗೆ ಪತ್ರ: ಅವಸರ ಬೇಡ

ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದದ್ದು ಈ ಹಂತ. ಓಪಿಡಿಯ ನೂಕುನುಗ್ಗಲಿನಲ್ಲಿ, ಅಳುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ಪುಟಕ್ಕೆ ಸಹಿ ಹಾಕಿಬಿಡುವುದು ಸರಿಯಲ್ಲ. ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ಮನೆಗೆ ಒಯ್ದು ಹಿರಿಯರೊಂದಿಗೆ ಓದಿ, ತಿಳಿಯದ ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಮರುಭೇಟಿಯಲ್ಲಿ ಕೇಳಿ. ಓದಲು ಬಾರದವರಿಗೆ ಆಸ್ಪತ್ರೆಯವರಲ್ಲದ ತಟಸ್ಥ ಸಾಕ್ಷಿಯ ಮುಂದೆ ಎಲ್ಲವನ್ನೂ ಓದಿ ಹೇಳಬೇಕು. ಮಗುವಿನ ಪರವಾಗಿ ತಂದೆ ಅಥವಾ ತಾಯಿ ಸಹಿ ಹಾಕುತ್ತಾರೆ. ಏಳು ವರ್ಷ ದಾಟಿದ ಮಗುವಾದರೆ ಅದಕ್ಕೂ ವಿವರಿಸಿ ಅದರ ಸಮ್ಮತಿಯನ್ನು ಕೇಳಬೇಕು.

ಹೆಚ್ಚಿನ ಪೋಷಕರನ್ನು ಕಾಡುವ ಪ್ರಶ್ನೆ, "ನಮ್ಮ ಮಗುವಿಗೆ ಔಷಧವಿಲ್ಲದ ಸಿರಪ್ ಕೊಟ್ಟರೆ?" ಎಂಬುದು. ಯಾವ ಗುಂಪಿಗೆ ಯಾವ ಮಗು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಹೀಮಾಂಜಿಯೋಮ ತಾನಾಗಿ ಕುಗ್ಗುವ ಮಚ್ಚೆಯಾದ್ದರಿಂದ, ಕುಗ್ಗಿದ್ದು ಔಷಧದಿಂದಲೇ ಎಂದು ಹೇಳಬೇಕಾದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲೇಬೇಕು. 2015ರ ಅಧ್ಯಯನದಲ್ಲಿ, ಕೆಜಿಗೆ ದಿನಕ್ಕೆ 3 ಮಿಲಿಗ್ರಾಂನಂತೆ ಆರು ತಿಂಗಳು ಔಷಧ ಪಡೆದ ಗುಂಪಿನಲ್ಲಿ ಶೇ 60ರಷ್ಟು ಮಕ್ಕಳ ಮಚ್ಚೆ ಪೂರ್ತಿ ಅಥವಾ ಬಹುಪಾಲು ಮಾಯವಾದರೆ, ಹುಸಿಮದ್ದಿನ ಗುಂಪಿನಲ್ಲಿ ಹಾಗಾದದ್ದು ಶೇ 4ರಷ್ಟು ಮಕ್ಕಳಲ್ಲಿ. ಇಂಥ ಔಷಧ ಈಗ ಕೈಯಲ್ಲಿರುವಾಗ, ಹೊಸ ಟ್ರಯಲ್‌ನಲ್ಲಿ ನಿಮ್ಮ ಮಗುವಿನ ಔಷಧವನ್ನು ಯಾವುದರೊಂದಿಗೆ ಹೋಲಿಸುತ್ತಾರೆ ಎಂದು ನೇರವಾಗಿ ಕೇಳುವ ಹಕ್ಕು ನಿಮಗಿದೆ.

ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, 2019ರ ಪ್ರಕಾರ, ಟ್ರಯಲ್ ನಡೆಯುವಾಗ ಮಗುವಿಗೆ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಹಾನಿಗೆ ಟ್ರಯಲ್ ಕಾರಣವೆಂದು ತೀರ್ಮಾನವಾದರೆ ಪರಿಹಾರಧನವನ್ನೂ ಕೊಡಬೇಕು. ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರಬಹುದು. ಅದರಿಂದ ಮಗುವಿನ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಕೂಡದು. ಸಹಿಯಾದ ಪತ್ರದ ಒಂದು ಪ್ರತಿಯನ್ನು ಕೈಗೆ ಪಡೆಯದೆ ಅಲ್ಲಿಂದ ಏಳಬೇಡಿ.

ಸೇರಿದ ನಂತರ

ಮಚ್ಚೆಯ ಫೋಟೊಗಳ ಆಧಾರದ ಮೇಲೆ ಫಲಿತಾಂಶ ಅಳೆಯುವುದು ರೂಢಿ. ಮನೆಯಲ್ಲೂ ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಮಚ್ಚೆಯ ಪಕ್ಕ ಸ್ಕೇಲ್ ಹಿಡಿದು ಒಂದು ಚಿತ್ರ ತೆಗೆದಿಡಿ. ಪ್ರೊಪ್ರನೊಲಾಲ್ ವರ್ಗದ ಔಷಧವಾದರೆ ಹಾಲು ಕುಡಿಸುವಾಗ ಇಲ್ಲವೇ ಕುಡಿಸಿದ ಕೂಡಲೇ ಕೊಡಬೇಕು; ಮಗು ವಾಂತಿ ಮಾಡುತ್ತಿದ್ದರೆ, ಹಾಲು ಕುಡಿಯದಿದ್ದರೆ ರಕ್ತದ ಸಕ್ಕರೆ ಇಳಿಯುವ ಅಪಾಯವಿರುವುದರಿಂದ ಆ ಹೊತ್ತಿನ ಔಷಧ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಮಗು ತಣ್ಣಗೆ ಬೆವರುತ್ತ ಎಬ್ಬಿಸಿದರೂ ಏಳದಂತಾದರೆ, ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು ಬಂದರೆ ರಾತ್ರಿಯಾದರೂ ಕಾಯಬಾರದು.

ಔಷಧ ಮುಗಿದ ಮೇಲೆ ಮಚ್ಚೆ ಹೋಯಿತಲ್ಲ ಎಂದು ನಂತರದ ಭೇಟಿಗಳನ್ನು ಬಿಡುವ ಮನೆಗಳಿವೆ. ಮೇಲೆ ಹೇಳಿದ ಅಧ್ಯಯನದಲ್ಲಿ ಗುಣವಾದ ಮಕ್ಕಳ ಪೈಕಿ ಶೇ 10ರಷ್ಟು ಮಕ್ಕಳಿಗೆ ಮತ್ತೆ ಔಷಧ ಬೇಕಾಯಿತು. ಆದ್ದರಿಂದ ಕೊನೆಯ ತಪಾಸಣೆಯ ದಿನಾಂಕವನ್ನೂ ಲಸಿಕೆಯ ಕಾರ್ಡಿನ ಮೇಲೆಯೇ ಬರೆದಿಟ್ಟುಕೊಳ್ಳಿ.