ಜರ್ಮನ್ ಶಾಲೆಗೆ ಕನ್ನಡದ ಮಕ್ಕಳು: ನನ್ನ ಅನುಭವ

2022ರ ಸೆಪ್ಟೆಂಬರಿನಲ್ಲಿ ನಾವು ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಕ್ಕೆ ಬಂದಾಗ ಮಗಳಿಗೆ ಎಂಟು ವರ್ಷ, ಮಗನಿಗೆ ಆರು. ಇಬ್ಬರಿಗೂ ಜರ್ಮನ್ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಮೂರ್ನಾಲ್ಕು ತಿಂಗಳು ಮನೆಯಲ್ಲೇ ಭಾಷೆ ಕಲಿಸಿ ಆಮೇಲೆ ಶಾಲೆಗೆ ಸೇರಿಸೋಣ ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಇಲ್ಲಿ ಮಕ್ಕಳು ಶಾಲೆಗೆ ಹೋಗುವುದು ಕಾನೂನಿನ ಪ್ರಕಾರ ಕಡ್ಡಾಯ. ಮನೆಪಾಠಕ್ಕೆ ಶಾಲೆಯ ಮಾನ್ಯತೆ ಇಲ್ಲ. ಶಿಕ್ಷಣವು ರಾಜ್ಯಗಳ ಅಧಿಕಾರಕ್ಕೆ ಸೇರಿದ್ದರಿಂದ 16 ರಾಜ್ಯಗಳಲ್ಲಿ ಹೊಸದಾಗಿ ಬಂದ ಮಕ್ಕಳಿಗೆ ಬೇರೆ ಬೇರೆ ಏರ್ಪಾಡುಗಳಿವೆ. ಬರ್ಲಿನ್‌ನಲ್ಲಿ ‘ವಿಲ್‌ಕೊಮೆನ್ಸ್‌ಕ್ಲಾಸೆ’, ಅಂದರೆ ಸ್ವಾಗತ ತರಗತಿ ಎನ್ನುವಂಥದ್ದನ್ನು ನಮ್ಮ ರಾಜ್ಯದಲ್ಲಿ ‘ಫೋರ್‌ಬೆರೈಟುಂಗ್ಸ್‌ಕ್ಲಾಸೆ’, ಅಂದರೆ ಸಿದ್ಧತಾ ತರಗತಿ ಎನ್ನುತ್ತಾರೆ. ಮಗಳನ್ನು ಆ ಸಿದ್ಧತಾ ತರಗತಿಗೆ ಹಾಕಿ, ಚಿತ್ರಕಲೆ, ಆಟ ಮತ್ತು ಗಣಿತಕ್ಕೆ ಮಾತ್ರ ಎರಡನೆಯ ತರಗತಿಯ ಮಕ್ಕಳ ಜೊತೆ ಕೂರಿಸಿದರು. ಮಗ ನೇರವಾಗಿ ಒಂದನೆಯ ತರಗತಿಗೆ ಹೋದ.

ಮೊದಲ ವಾರ ನಾವು ಮಾಡಿದ ಕೆಲಸ ಒಂದೇ. ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಅಗಲದ ಒಂದು ರಟ್ಟಿನ ಮೇಲೆ ಆರು ಜರ್ಮನ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟೆವು. ಶೌಚಾಲಯಕ್ಕೆ ಹೋಗಬೇಕು, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ, ಹೊಟ್ಟೆ ನೋಯುತ್ತಿದೆ, ಅಮ್ಮನಿಗೆ ಫೋನ್ ಮಾಡಿ ಎಂಬ ಐದು ಅಗತ್ಯದವು, ಮತ್ತು ಆರನೆಯದಾಗಿ ‘ಡಾರ್ಫ್ ಇಷ್ ಮಿಟ್‌ಶ್ಪೀಲೆನ್?’ ಅಂದರೆ ‘ನಾನೂ ಆಟಕ್ಕೆ ಬರಲಾ?’ ಎಂಬ ಪ್ರಶ್ನೆ. ಮೊದಲ ಐದು ಬೇಗ ಅನಗತ್ಯವಾದವು, ಆರನೆಯದು ತಿಂಗಳುಗಟ್ಟಲೆ ಬಳಕೆಯಲ್ಲಿತ್ತು. ಎರಡೇ ವಾರದಲ್ಲಿ ಅವಳೇ ರಟ್ಟನ್ನು ತಿದ್ದತೊಡಗಿದಳು. ನಾವು ‘ಇಷ್’ ಎಂದು ಬರೆದ ಶಬ್ದದ ಕೊನೆಯ ಧ್ವನಿ ‘ಷ’ವೂ ಅಲ್ಲ, ‘ಹ’ವೂ ಅಲ್ಲ, ಎರಡರ ನಡುವಿನದು ಎಂದು ನಮಗೆ ಪಾಠ ಹೇಳಿದಳು, ತುಟಿ ಮುಂದೆ ಚಾಚಿ ‘ಇ’ ಅನ್ನಬೇಕಾದ ಸ್ವರಕ್ಕೆ ‘ಉ’ ಬರೆದು ತಲೆಯ ಮೇಲೆ ಎರಡು ಚುಕ್ಕೆ ಇಟ್ಟಳು. ಅಪರಿಚಿತ ಧ್ವನಿಯನ್ನು ಪರಿಚಿತ ಅಕ್ಷರದಲ್ಲಿ ಹಿಡಿಯಲು ಹೋಗಿ ಸೋಲುವುದೇ ಕಿವಿಗೆ ಒಳ್ಳೆಯ ಅಭ್ಯಾಸ ಎಂಬುದು ನನಗೆ ಆಗ ಹೊಳೆಯಿತು.

ಇಷ್ಟಾದರೂ ತರಗತಿಯೊಳಗೆ ಅವಳು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಎರಡನೆಯ ಭಾಷೆ ಕಲಿಯುವ ಮಕ್ಕಳಲ್ಲಿ ಇಂಥ ಮೌನದ ಅವಧಿ ಸಾಮಾನ್ಯ, ಮಗು ಆಗ ಕೇಳಿಸಿಕೊಂಡು ಒಳಗೇ ಜೋಡಿಸಿಕೊಳ್ಳುತ್ತಿರುತ್ತದೆ ಎಂಬುದನ್ನು ನಾನು ಓದಿದ್ದೆ. ಓದಿದ್ದರಿಂದ ಹೊಟ್ಟೆಯ ಸಂಕಟವೇನೂ ಕಡಿಮೆಯಾಗಲಿಲ್ಲ. ಪಾಲಕರ ಭೇಟಿಯಲ್ಲಿ ಒಬ್ಬ ಶಿಕ್ಷಕಿ, ಮನೆಯಲ್ಲಿಯೂ ಜರ್ಮನ್ ಮಾತನಾಡಿದರೆ ಬೇಗ ಸರಿಹೋಗುತ್ತದೆ ಎಂದು ಸದುದ್ದೇಶದಿಂದಲೇ ಹೇಳಿದರು. ನಾವು ಅದನ್ನು ನಂಬಿದೆವು. ಆಗ ನನ್ನ ಜರ್ಮನ್ ಅಂಗಡಿಯಲ್ಲಿ ಬಿಲ್ಲು ಕೇಳುವಷ್ಟು, ನನ್ನ ಯಜಮಾನರದು ಅದಕ್ಕಿಂತ ಒಂದು ಕೈ ಮೇಲು. ಮೂರು ವಾರ ರಾತ್ರಿ ಊಟಕ್ಕೆ ಕೂತಾಗ ‘ಶಾಲೆ ಹೇಗಿತ್ತು?’ ಎಂದು ಜರ್ಮನ್‌ನಲ್ಲಿ ಕೇಳುವುದು, ‘ಗುಟ್’, ಅಂದರೆ ‘ಚೆನ್ನಾಗಿತ್ತು’ ಎಂದು ಅವಳು ಒಂದೇ ಪದದಲ್ಲಿ ಮುಗಿಸುವುದು, ಮುಂದಿನ ಪ್ರಶ್ನೆ ಕೇಳಲು ನಮಗೂ ಪದ ಸಿಗದೆ ಎಲ್ಲರೂ ತಟ್ಟೆ ನೋಡುತ್ತ ಕೂರುವುದು. ಶಾಲೆಯಲ್ಲಿ ಮೌನವಾಗಿದ್ದ ಮಗು ಈಗ ಮನೆಯಲ್ಲಿಯೂ ಮೌನವಾಯಿತು. ಮೂರನೆಯ ವಾರದ ಕೊನೆಗೆ ಅವಳು ಹಾಸಿಗೆಯಲ್ಲಿ ಮಗ್ಗುಲಾಗಿ, ‘ಅಮ್ಮಾ, ನಾನು ಕನ್ನಡದಲ್ಲಿ ಹೇಳಿದರೆ ನಿಂಗೆ ಬೇಜಾರಾಗುತ್ತಾ?’ ಎಂದು ಕೇಳಿದಳು. ಮರುದಿನದಿಂದ ಮನೆಯಲ್ಲಿ ಕನ್ನಡವೇ ಎಂದು ನಿಶ್ಚಯಿಸಿದೆವು, ಮತ್ತೆಂದೂ ಅದನ್ನು ಬದಲಿಸಲಿಲ್ಲ. ಅದೇ ರಾತ್ರಿ, ಆಟದ ಬಯಲಿನಲ್ಲಿ ಇಬ್ಬರು ಹುಡುಗಿಯರು ತನ್ನ ಮಾತನ್ನು ಅಣಕಿಸುತ್ತಿದ್ದ ಸಂಗತಿಯನ್ನು ಅವಳು ಮುಕ್ಕಾಲು ಗಂಟೆ ಹೇಳಿಕೊಂಡಳು. ಆ ಮಾತುಗಳು ‘ಗುಟ್’ ಎಂಬ ಒಂದೇ ಪದದಲ್ಲಿ ಹಿಡಿಯುವಂಥವಾಗಿರಲಿಲ್ಲ.

ಅಲ್ಲಿಂದ ನಮ್ಮ ಕ್ರಮ ಬದಲಾಯಿತು. ಭಾಷೆಯನ್ನು ಕಲಿಸುವುದು ಶಾಲೆಯ ಕೆಲಸ, ವಿಷಯವನ್ನು ಅರ್ಥಮಾಡಿಸುವುದು ನಮ್ಮ ಕೆಲಸ ಎಂದು ಹಂಚಿಕೊಂಡೆವು. ವಾರದ ಮೊದಲೇ ಶಿಕ್ಷಕಿಯ ಬಳಿ ಮುಂದಿನ ಪಾಠ ಯಾವುದೆಂದು ಕೇಳಿ ತಿಳಿದು, ನೀರಿನ ಚಕ್ರವಿರಲಿ, ಗಡಿಯಾರ ನೋಡುವುದಿರಲಿ, ಅದನ್ನು ಕನ್ನಡದಲ್ಲಿ ಪೂರ್ತಿ ಮಾತಾಡಿ ಮುಗಿಸುತ್ತಿದ್ದೆವು. ಕೊನೆಗೆ ಅದರ ಏಳೆಂಟು ಜರ್ಮನ್ ಪದಗಳನ್ನು ಮಾತ್ರ ಸೇರಿಸುತ್ತಿದ್ದೆವು. ಆವಿಯಾಗುವುದು ಏನೆಂದು ಮೊದಲೇ ಗೊತ್ತಿದ್ದ ಮಗುವಿಗೆ ತರಗತಿಯಲ್ಲಿ ಬೇಕಾದದ್ದು ಅದರ ಹೆಸರು ಮಾತ್ರ. ಎರಡನ್ನೂ ಒಟ್ಟಿಗೆ ಹುಡುಕುವ ಕಷ್ಟ ತಪ್ಪಿತು.

ಗಣಿತಕ್ಕೆ ಭಾಷೆಯ ಹಂಗಿಲ್ಲ ಎಂದುಕೊಂಡಿದ್ದ ನನಗೆ ಅಲ್ಲಿಯೇ ದೊಡ್ಡ ಪೆಟ್ಟು ಬಿತ್ತು. ಲೆಕ್ಕದಲ್ಲಿ ಚುರುಕಾಗಿದ್ದ ಮಗಳು ಉಕ್ತಲೇಖನದಂತೆ ಸಂಖ್ಯೆಗಳನ್ನು ಕೇಳಿ ಬರೆಯುವ ಪರೀಕ್ಷೆಯಲ್ಲಿ ಹತ್ತಕ್ಕೆ ಏಳು ತಪ್ಪು ಮಾಡಿ ಬಂದಳು. ಹಾಳೆ ನೋಡಿದರೆ 25 ಇರಬೇಕಾದಲ್ಲಿ 52, 38 ಇರಬೇಕಾದಲ್ಲಿ 83. ಜರ್ಮನ್‌ನಲ್ಲಿ 25ನ್ನು ‘ಐದು-ಮತ್ತು-ಇಪ್ಪತ್ತು’ ಎನ್ನುತ್ತಾರೆ. ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳುತ್ತಾರೆ. ‘ಇಪ್ಪತ್ತೈದು’ ಎಂದು ಕೇಳಿ ಬೆಳೆದ ಕಿವಿ ಮೊದಲು ಬಂದ ಐದನ್ನು ಮೊದಲೇ ಬರೆದುಬಿಡುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದೆವು: ಮೊದಲು ಕೇಳಿದ ಅಂಕಿಯನ್ನು ಬರೆಯದೆ ಎಡಗೈಯ ಬೆರಳುಗಳಲ್ಲಿ ಹಿಡಿದಿಟ್ಟುಕೊಳ್ಳುವುದು, ಹತ್ತು ಕೇಳಿಸಿದ ಮೇಲೆ ಅದನ್ನು ಬರೆದು ಪಕ್ಕದಲ್ಲಿ ಬೆರಳುಗಳನ್ನು ಬಿಡಿಸುವುದು. ಬಸ್ ನಿಲ್ದಾಣದಲ್ಲಿ ಬಸ್ಸಿನ ಸಂಖ್ಯೆ, ಕಾರುಗಳ ನಂಬರು ಫಲಕ ಎಲ್ಲವನ್ನೂ ಈ ಆಟಕ್ಕೆ ಎಳೆದೆವು, ಸುಮಾರು ಆರು ವಾರದಲ್ಲಿ ಬೆರಳುಗಳ ಅಗತ್ಯ ಬೀಳಲಿಲ್ಲ. ಗುಣಾಕಾರಕ್ಕೆ ಚುಕ್ಕೆ, ಭಾಗಾಕಾರಕ್ಕೆ ಎರಡು ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ ಹಾಕುವ ಇಲ್ಲಿನ ರೂಢಿಯನ್ನೂ ಹೀಗೆಯೇ ಮೊದಲೇ ತೋರಿಸಿಕೊಟ್ಟಿದ್ದರೆ ಇನ್ನೊಂದಿಷ್ಟು ಕೆಂಪು ಗೀಟುಗಳು ತಪ್ಪುತ್ತಿದ್ದವು.

ವ್ಯಾಕರಣದಲ್ಲಿ ಕನ್ನಡ ಅಡ್ಡಿಯಾಗುತ್ತದೆ ಎಂದು ನಾನು ಹೆದರಿದ್ದೆ, ಆದರೆ ಅದು ಹಲವು ಕಡೆ ಕೈಹಿಡಿಯಿತು. ‘ಡು’ ಮತ್ತು ‘ಝೀ’ ಎಂದರೆ ‘ನೀನು’ ಮತ್ತು ‘ನೀವು’ ಎಂದೊಡನೆ ಮುಗಿಯಿತು. ‘ಏಕೆಂದರೆ’ ಎಂದು ಆರಂಭವಾಗುವ ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ; ಕ್ರಿಯಾಪದವನ್ನು ಕೊನೆಗಿಟ್ಟೇ ಮಾತು ಕಲಿತ ಮಗಳಿಗೆ ಅದು ವಿಚಿತ್ರವೆನಿಸಲೇ ಇಲ್ಲ. ಸಿಟ್ಟು ಬಂದದ್ದು ಲಿಂಗದ ವಿಷಯಕ್ಕೆ. ‘ಮೇಟ್‌ಷೆನ್’, ಅಂದರೆ ಹುಡುಗಿ, ಜರ್ಮನ್‌ನಲ್ಲಿ ನಪುಂಸಕ ಲಿಂಗ ಎಂದು ತಿಳಿದ ದಿನ ಅವಳು, ‘ನಾನೇನು ಮೇಜಾ, ಕುರ್ಚಿಯಾ?’ ಎಂದು ಜಗಳಕ್ಕೆ ನಿಂತಳು (ಜರ್ಮನ್‌ನಲ್ಲಿ ಮೇಜೂ ಕುರ್ಚಿಯೂ ಪುಲ್ಲಿಂಗ ಎಂಬುದು ಆಗ ಅವಳಿಗೆ ಗೊತ್ತಿರಲಿಲ್ಲ). ಅವಳಪ್ಪ, ‘ಮಗು ಅತ್ತಿತು, ಮಗು ಬಂತು ಅಂತ ನಾವೂ ಅನ್ನುತ್ತೀವಲ್ಲ’ ಎಂದಾಗ ಸ್ವಲ್ಪ ಯೋಚಿಸಿ, ‘ಅದೂ ತಪ್ಪೇ’ ಎಂದು ತೀರ್ಪು ಕೊಟ್ಟಳು.

ಶಾಲೆಯಿಂದ ಬರುವ ಚೀಟಿಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ವಾಂಡರ್‌ಟಾಗ್’ ಎಂದರೆ ತರಗತಿಯೆಲ್ಲ ನಡೆದು ಸುತ್ತಾಡಲು ಹೋಗುವ ದಿನ ಎಂದು ತಿಳಿಯದೆ ಮಗನನ್ನು ಪುಸ್ತಕ ತುಂಬಿದ ಶಾಲಾಚೀಲದೊಡನೆ ಕಳಿಸಿದ್ದೆವು. ಉಳಿದವರೆಲ್ಲ ಪುಟ್ಟ ಬೆನ್ನುಚೀಲ, ನೀರಿನ ಬಾಟಲಿಯೊಂದಿಗೆ ಬಂದಿದ್ದರು. ಆ ಸಂಜೆಯಿಂದ ಚೀಟಿಗಳ ಫೈಲು ತೆರೆದು ಪ್ರತಿಯೊಂದನ್ನೂ ಮೊಬೈಲಿನಲ್ಲಿ ಅನುವಾದಿಸಿ ನೋಡುವುದು ಹಲ್ಲುಜ್ಜುವಷ್ಟೇ ಕಡ್ಡಾಯವಾಯಿತು. ಮಗು ಅರ್ಥವಾಗದ ಭಾಷೆಯನ್ನು ಸಹಿಸಿಕೊಳ್ಳುತ್ತದೆ, ಎಲ್ಲರ ಮುಂದೆ ಬೇರೆಯಾಗಿ ಕಾಣುವುದನ್ನು ಸಹಿಸುವುದಿಲ್ಲ.

ಮಗನ ಕಥೆ ಬೇರೆ. ಅವನು ಫುಟ್‌ಬಾಲ್ ಕ್ಲಬ್ಬಿಗೆ ಸೇರಿ, ಮೈದಾನದ ಜರ್ಮನ್ ಕಲಿತು, ಒಂದೂವರೆ ವರ್ಷದಲ್ಲಿ ಅಲ್ಲಿನ ಹುಡುಗರ ಹಾಗೆಯೇ ಮಾತಾಡುತ್ತಿದ್ದ. ಶಿಕ್ಷಕರೂ ನಾವೂ ಅವನ ಚಿಂತೆ ಬಿಟ್ಟೆವು, ಅದು ತಪ್ಪಾಯಿತು. ಎರಡನೆಯ ತರಗತಿಯ ಕೊನೆಯಲ್ಲಿ ಬಾಯಿಲೆಕ್ಕ ಸರಿಯಾಗಿ ಮಾಡುವವನು ವಾಕ್ಯರೂಪದ ಲೆಕ್ಕಗಳಲ್ಲಿ ಎಡವತೊಡಗಿದ. ಮೂರು ಮಕ್ಕಳಿಗೆ ‘ಯೆ’ ನಾಲ್ಕು ಸೇಬು ಎಂದಿದ್ದರೆ ಅವನು ಮೂರು ಮತ್ತು ನಾಲ್ಕನ್ನು ಕೂಡಿಸಿ ಏಳು ಎಂದು ಬರೆದಿದ್ದ. ‘ಯೆ’ (je) ಎಂಬ ಆ ಎರಡಕ್ಷರದ ಪದ ಮೈದಾನದಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅದು ನಮ್ಮ ‘ತಲಾ’ ಎಂದು ಹೇಳಿ ಬಿಸ್ಕತ್ತು ಹಂಚಿ ತೋರಿಸಿದಾಗ ಲೆಕ್ಕ ನೇರವಾಯಿತು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ಆಡುಮಾತಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ ಎಂದು ಗುರುತಿಸಿದ್ದರು. ಮೊದಲನೆಯದು ಎರಡು ವರ್ಷದೊಳಗೆ ಬಂದರೂ ಎರಡನೆಯದರಲ್ಲಿ ಓರಗೆಯವರನ್ನು ಸರಿಗಟ್ಟಲು 5ರಿಂದ 7 ವರ್ಷ ಬೇಕಾಗುತ್ತದೆ ಎಂಬುದು ಅವರ ಅಧ್ಯಯನಗಳಿಂದ ತಿಳಿದ ಸಂಗತಿ. ಇದನ್ನು ನಾನು ಓದಿದ್ದು ಆ ಏಳು ಸೇಬುಗಳ ನಂತರ. ಈಗ ಅಂಥ ಪದಗಳಿಗೇ ಒಂದು ನೋಟ್‌ಬುಕ್ ಇದೆ: ತಲಾ, ಅದರ ಅರ್ಧದಷ್ಟು, ಒಟ್ಟು, ಉಳಿದದ್ದು, ವ್ಯತ್ಯಾಸ.

ಕನ್ನಡ ಓದಲು ಬರೆಯಲು ಕಲಿತೇ ಬಂದಿದ್ದ ಮಗಳು ಪುಸ್ತಕದ ಓದಿನಲ್ಲಿ ತಮ್ಮನಿಗಿಂತ ಬೇಗ ಮುಂದೆ ಹೋದಳು. ಮೂರನೆಯ ತರಗತಿಯಲ್ಲಿ ಬಾಯಿಮಾತಿನ ಭಾಗವಹಿಸುವಿಕೆಗೂ ಅಂಕ ಉಂಟೆಂದು ತಿಳಿದಾಗ ನಾವು ದಿನಕ್ಕೊಂದು ಸಲ ಕೈ ಎತ್ತಿದರೆ ಸಾಕು, ಉತ್ತರ ಸರಿಯೋ ತಪ್ಪೋ ಕೇಳುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡೆವು. ಇಲ್ಲಿ 1 ಅತ್ಯುತ್ತಮ ಅಂಕ, 6 ಕನಿಷ್ಠ. ವರದಿಯಲ್ಲಿ ಜರ್ಮನ್ ಭಾಷೆಗೆ 3 ಬಂದಿತ್ತು. ನಾವು ಅದನ್ನು ಹಬ್ಬ ಮಾಡಿದೆವು.

ಓದುವುದನ್ನು ಜರ್ಮನ್‌ನಲ್ಲೇ ಮೊದಲು ಕಲಿತ ಮಗನಿಗೆ ಈಗ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ಕನ್ನಡ. ಕಲಿಸುವವಳು ಅಕ್ಕ. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದಾರೆ. ಬರೆದಂತೆಯೇ ಓದುವ ಭಾಷೆಯಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರವನ್ನು ಏಕೆ ನೇತುಹಾಕಬೇಕು ಎಂಬುದು ಅವನ ಸದ್ಯದ ತಕರಾರು, ಅಕ್ಕ ಅದಕ್ಕೆ ಜರ್ಮನ್‌ನಲ್ಲಿ ವಿವರಣೆ ಕೊಡುತ್ತಾಳೆ.