ವೋ-ಲ-ವಿಕೋಂತ್‌ನಲ್ಲಿ ನನ್ನ ನಕ್ಷೆ ತಪ್ಪಿದ್ದು

ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದು ನನ್ನ ಕಸುಬು. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲದಿದ್ದರೆ ಹೆಜ್ಜೆ ಎಣಿಸುತ್ತೇನೆ; ನನ್ನ ಹತ್ತು ಹೆಜ್ಜೆಗೆ ಏಳು ಮೀಟರ್. ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಸುಮಾರು 55 ಕಿಲೋಮೀಟರ್ ದೂರದ ವೋ-ಲ-ವಿಕೋಂತ್ ಅರಮನೆಗೆ ಹೋದಾಗಲೂ ಅದನ್ನೇ ನಂಬಿಕೊಂಡಿದ್ದೆ.

ಹಿಂಬದಿಯ ಮೆಟ್ಟಿಲ ಮೇಲೆ ಕುಳಿತು ತೋಟವನ್ನು ಬರೆದೆ. ಕಸೂತಿಯಂತೆ ಕತ್ತರಿಸಿದ ಗಿಡಗಳ ಪಾತಿಗಳು, ದುಂಡು ಕೊಳ, ಚೌಕ ಕೊಳ, ಅದರ ಅಂಚಿಗೆ ಅಂಟಿಕೊಂಡೇ ಕಲ್ಲಿನ ಗುಹೆಗಳ ಸಾಲು, ಮೇಲೆ ಗುಡ್ಡದಲ್ಲಿ ಚಿನ್ನದ ಬಣ್ಣದ ಹರ್ಕ್ಯುಲಿಸ್. ಗುಹೆಯವರೆಗೆ ಏಳುನೂರು ಹೆಜ್ಜೆ ಎಂದು ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಂಡು ಇಳಿದೆ.

ಎಣಿಕೆ ಏಳುನೂರು ದಾಟಿತು. ನಾನಿನ್ನೂ ಚೌಕ ಕೊಳದ ಬಳಿಯೇ ಇದ್ದೆ. ಇನ್ನಷ್ಟು ಮುಂದೆ ಹೋದರೆ ನೆಲವೇ ತಗ್ಗಿಗೆ ಇಳಿದಿದೆ. ಆ ತಗ್ಗಿನಲ್ಲಿ ಅಡ್ಡಲಾಗಿ, ಸುಮಾರು ಒಂದು ಕಿಲೋಮೀಟರ್ ಉದ್ದದ ಕಾಲುವೆ! ಗುಹೆಗಳು ಅದರ ಆಚೆ ದಡದಲ್ಲಿ. ಸೇತುವೆ ಇಲ್ಲ, ಸುತ್ತಿಕೊಂಡೇ ಹೋಗಬೇಕು. ತೋಟ ರೂಪಿಸಿದ ಆಂದ್ರೆ ಲ ನೋತ್ರ್ ಇಳಿಜಾರನ್ನು ಬಳಸಿ ಇಡೀ ಕಾಲುವೆಯನ್ನು ಅಡಗಿಸಿದ್ದಾನೆ. ದೂರ ಹೋದಂತೆ ಕೊಳಗಳನ್ನು ಹಿಗ್ಗಿಸಿರುವುದರಿಂದ ಅವು ಮೆಟ್ಟಿಲಿಗೆ ಹತ್ತಿರವಿದ್ದಂತೆ ಕಾಣುತ್ತವೆ. ಹಿಂತಿರುಗಿ ನೋಡಿದರೆ ಅರ್ಧ ಕಿಲೋಮೀಟರ್ ಹಿಂದಿರುವ ಅರಮನೆ ಚೌಕ ಕೊಳದಲ್ಲಿ ತಲೆಕೆಳಗಾಗಿ ಕುಳಿತಿತ್ತು.

ಲೂಯಿ ಲ ವೋ ಕಟ್ಟಿದ ಅರಮನೆಯಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ತೋಟದತ್ತ ಹೊಟ್ಟೆ ಮುಂದೆ ಮಾಡಿದಂತಿರುವ ಮೊಟ್ಟೆಯಾಕಾರದ ಸಭಾಂಗಣದಲ್ಲಿ. ಅದರ ಗುಮ್ಮಟಕ್ಕೆ ಶಾರ್ಲ್ ಲ ಬ್ರನ್ ಯೋಚಿಸಿದ್ದ ಚಿತ್ರ ಮುಗಿಯಲೇ ಇಲ್ಲ. ಒಡೆಯ ನಿಕೊಲಾ ಫೂಕೆ, 14ನೇ ಲೂಯಿಯ ಹಣಕಾಸು ಅಧಿಕಾರಿ, 1661ರ ಆಗಸ್ಟ್ 17ರಂದು ಇಲ್ಲಿ ಅರಸನಿಗೆ ಔತಣ ಕೊಟ್ಟ. ಸೆಪ್ಟೆಂಬರ್ 5ರಂದು ಸೆರೆಯಾದ. ವೈಭವ ಕಂಡು ಅರಸನಿಗೆ ಹೊಟ್ಟೆಕಿಚ್ಚಾಯಿತೆಂಬ ಕಥೆ ಚೆಂದವಾಗಿದೆ, ಆದರೆ ಫೂಕೆಯನ್ನು ಕೆಡವುವ ಸಿದ್ಧತೆ ಔತಣಕ್ಕೂ ಮೊದಲೇ ನಡೆದಿತ್ತು. ಮೂವರು ಕಲಾವಿದರನ್ನೂ ಅರಸ ವರ್ಸೇಲ್ಸ್‌ಗೆ ಹಚ್ಚಿದ.

ಮುಂದೆ ಪಾಳುಬಿದ್ದಿದ್ದ ತೋಟವನ್ನು 1875ರ ಹರಾಜಿನಲ್ಲಿ ಕೊಂಡ ಸಕ್ಕರೆ ಉದ್ಯಮಿ ಆಲ್ಫ್ರೆಡ್ ಸೊಮ್ಮಿಯೆ ಮತ್ತೆ ಎಬ್ಬಿಸಿದ. ನಾನು ಹೆಜ್ಜೆ ಎಣಿಸಿದ್ದು ಅವನು ಉಳಿಸಿದ ನೆಲದ ಮೇಲೆ.

ಸಂಜೆ ರೈಲಿನಲ್ಲಿ ನಕ್ಷೆಯನ್ನು ಚೌಕ ಕೊಳದ ಅಂಚಿಗೆ ಸರಿಯಾಗಿ ಕತ್ತರಿಸಿ, ನಡುವೆ ಬ್ರೆಡ್ಡಿನ ಪೊಟ್ಟಣದ ಕಂದು ಕಾಗದವನ್ನು ಅಂಟಿಸಿ, ಅದರ ಮೇಲೆ ಕಾಲುವೆಯನ್ನು ಬರೆದೆ.