ನಡುವಯಸ್ಸಿನಲ್ಲಿ ಸುನ್ನತಿ: ಬೇಕೇ, ಬೇಕಾದರೆ ಯಾವಾಗ?

ಶಿಶ್ನದ ಮುಂದೊಗಲು ಹಿಂದಕ್ಕೆ ಸರಿಯದೆ ಬಿಗಿದುಕೊಳ್ಳುವ ತೊಂದರೆಗೆ ವೈದ್ಯರು ಫೈಮೋಸಿಸ್ ಎನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ ಇದು ಸಹಜ, ಬೆಳೆಯುತ್ತಾ ಬಹುಪಾಲು ತಾನಾಗಿಯೇ ಸಡಿಲವಾಗುತ್ತದೆ. ಆದರೆ ಅಷ್ಟು ವರ್ಷ ಸರಾಗವಾಗಿ ಸರಿಯುತ್ತಿದ್ದ ತೊಗಲು ನಲವತ್ತು ದಾಟಿದ ಮೇಲೆ ಬಿಗಿಯತೊಡಗಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಆ ಕಾರಣ ತಿಳಿಯುವ ಮೊದಲು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಬಾರದು ಎಂಬುದು ನನ್ನ ಅನುಭವದ ಮಾತು. ನಾನು ಬಳ್ಳಾರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಸುನ್ನತಿಯ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ, ಕಾಯಿಲೆಯ ಕಾರಣಕ್ಕಾಗಿ ಮಾಡಿಸಿಕೊಂಡೆ. ಗಂಡಸರು ಈ ವಿಷಯವನ್ನು ಹೆಂಡತಿಯ ಮುಂದೆಯೂ ಬಾಯಿಬಿಡದೆ ವರ್ಷಗಟ್ಟಲೆ ಮೆಡಿಕಲ್ ಅಂಗಡಿಯ ಮುಲಾಮಿನಲ್ಲೇ ಕಾಲ ತಳ್ಳುವುದನ್ನು ಕಂಡಿದ್ದೇನೆ; ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಮೊದಲು ಕಾಣಿಸಿಕೊಂಡದ್ದು ತುರಿಕೆ, ಆಮೇಲೆ ತೊಗಲಿನ ಅಂಚಿನಲ್ಲಿ ಕೂದಲೆಳೆಯಂಥ ಸೀಳುಗಳು. ಮೂತ್ರ ತಾಗಿದರೆ ಉರಿ, ಒಣಗಿತು ಎನ್ನುವಷ್ಟರಲ್ಲಿ ಮತ್ತೆ ಬಿರುಕು. ಹೀಗೆ ಮತ್ತೆ ಮತ್ತೆ ಸೀಳಿ ಮಾಯುವಾಗಲೆಲ್ಲ ಅಲ್ಲಿ ಕಲೆಗಟ್ಟಿ ತೊಗಲಿನ ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಮೂತ್ರರೋಗ ತಜ್ಞರು ಪರೀಕ್ಷೆ ಮಾಡುವ ಮೊದಲು ನಾನು ನುಂಗುತ್ತಿದ್ದ ಮಾತ್ರೆಗಳ ಚೀಟಿ ಕೇಳಿದರು. ಸಕ್ಕರೆ ಕಾಯಿಲೆಗೆಂದು ಕೊಟ್ಟಿದ್ದ ಡಾಪಾಗ್ಲಿಫ್ಲೋಜಿನ್ ಅದರಲ್ಲಿತ್ತು. ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದೇ ಆ ಮಾತ್ರೆಯ ಕೆಲಸ. ಹೃದಯಕ್ಕೂ ಮೂತ್ರಪಿಂಡಕ್ಕೂ ಅದು ಒಳ್ಳೆಯದೇ, ಆದರೆ ಸಕ್ಕರೆ ಬೆರೆತ ಮೂತ್ರ ತೊಗಲಿನ ಒಳಗೆ ಉಳಿದರೆ ಶಿಲೀಂಧ್ರಕ್ಕೆ ಹಬ್ಬ. ನಮ್ಮ ಸಕ್ಕರೆ ಕಾಯಿಲೆಯ ವೈದ್ಯರೊಂದಿಗೆ ಅವರೇ ಮಾತನಾಡಿ ಮಾತ್ರೆ ಬದಲಾಯಿಸಿದರು, ಶಿಲೀಂಧ್ರಕ್ಕೆ ಬೇರೆ ಔಷಧಿ ಕೊಟ್ಟರು. ಇಂಥ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು, ಆದರೆ ಪದೇ ಪದೇ ಸೋಂಕಾಗುತ್ತಿದ್ದರೆ ಕೇಳಲೇಬೇಕು. ನನ್ನ ತುರಿಕೆ, ಉರಿ ಎರಡೂ ಬಹುಮಟ್ಟಿಗೆ ಇಳಿದವು. ಬಿಗಿತ ಮಾತ್ರ ಹಾಗೆಯೇ ಉಳಿಯಿತು.

ಸೋಂಕು ಪೂರ್ತಿ ಹೋದ ಮೇಲೆ ಬೀಟಾಮೆಥಸೋನ್ ಮುಲಾಮನ್ನು ದಿನಕ್ಕೆ ಎರಡು ಸಲ ಬಿಗಿದ ಉಂಗುರದ ಮೇಲಷ್ಟೇ ತೆಳುವಾಗಿ ಸವರಿ, ನೋವಾಗದಷ್ಟು ಮೆಲ್ಲಗೆ ತೊಗಲನ್ನು ಸರಿಸಲು ಪ್ರಯತ್ನಿಸಬೇಕು ಎಂದರು. ನಾಲ್ಕರಿಂದ ಎಂಟು ವಾರಗಳ ಈ ಚಿಕಿತ್ಸೆಯಲ್ಲಿ ಕಲೆಗಟ್ಟದ, ಬರೀ ಬಿಗಿಯಾದ ತೊಗಲು ಅನೇಕರಿಗೆ ಸಡಿಲವಾಗುತ್ತದೆ, ಕತ್ತರಿಯ ಅಗತ್ಯವೇ ಬರುವುದಿಲ್ಲ. ಇದು ಸ್ಟೀರಾಯ್ಡ್ ಮುಲಾಮು. ಅಂಗಡಿಯಲ್ಲಿ ಕೇಳಿ ತರುವ ಅನೇಕ ಬೆರಕೆಯ ಕ್ರೀಮುಗಳಲ್ಲಿಯೂ ಸ್ಟೀರಾಯ್ಡ್ ಇರುತ್ತದೆ. ಸೋಂಕಿರುವಾಗ ಹಚ್ಚಿದರೆ ಎರಡು ದಿನ ಹಾಯೆನಿಸಿ ಆಮೇಲೆ ರೋಗ ಹೆಚ್ಚುತ್ತದೆ. ನನಗೆ ಮುಲಾಮು ಫಲಿಸಲಿಲ್ಲ. ಉಂಗುರದ ಜಾಗ ಬೆಳ್ಳಗೆ, ಹೊಳಪಾಗಿ, ಬೆರಳಿಗೆ ಕಾಗದದಂತೆ ಗಡಸಾಗಿ ಸಿಗುತ್ತಿತ್ತು. ಅದನ್ನು ನೋಡಿ ವೈದ್ಯರು ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮದ ಉರಿಯೂತವನ್ನು ಶಂಕಿಸಿದರು. ಅದು ಹಾಗೆಯೇ ಬಿಟ್ಟರೆ ಮೂತ್ರದ್ವಾರಕ್ಕೂ ಹರಡಿ ಅದನ್ನು ಕಿರಿದಾಗಿಸಬಲ್ಲದು. ದೀರ್ಘಕಾಲದ ಫೈಮೋಸಿಸ್ ಇರುವವರಲ್ಲಿ ಶಿಶ್ನದ ಕ್ಯಾನ್ಸರಿನ ಅಪಾಯವೂ, ಅದು ಅಪರೂಪದ ರೋಗವೇ ಆದರೂ, ಹೆಚ್ಚು. ಅಲ್ಲಿಗೆ ‘ಬೇಕೇ’ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿತು.

ತೊಗಲನ್ನು ಪೂರ್ತಿ ತೆಗೆಯದೆ ಸೀಳಿ ಅಗಲಗೊಳಿಸುವ ಸಣ್ಣ ಶಸ್ತ್ರಚಿಕಿತ್ಸೆಗಳೂ ಇವೆ. ಆರೋಗ್ಯವಂತ ತೊಗಲಿಗೆ ಅವನ್ನು ಯೋಚಿಸಬಹುದು, ರೋಗ ಹಿಡಿದ ತೊಗಲನ್ನು ಉಳಿಸಿದರೆ ಅದು ಮತ್ತೆ ಬಿಗಿಯುತ್ತದೆ ಎಂದರು. ಇನ್ನು ತೊಗಲು ಸಲೀಸಾಗಿ ಸರಿಯುತ್ತಿದ್ದು, ಸೋಂಕಿಲ್ಲದೆ, ದಿನವೂ ನೀರಿನಲ್ಲಿ ತೊಳೆಯಲು ಆಗುತ್ತಿದ್ದರೆ ಬರೀ ಸ್ವಚ್ಛತೆಯ ಹೆಸರಿನಲ್ಲಿ ಇದನ್ನು ಮಾಡಿಸಿಕೊಳ್ಳಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಎಚ್‌ಐವಿ ತಡೆಯ ಮಾತನ್ನೂ ಕೆಲವರು ಮುಂದಿಡುತ್ತಾರೆ. ದಕ್ಷಿಣ ಆಫ್ರಿಕ, ಕೀನ್ಯಾ, ಉಗಾಂಡಾಗಳಲ್ಲಿ ನಡೆದ ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವುದು ಸುಮಾರು 60% ತಗ್ಗಿದ್ದು ನಿಜ, 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿದ್ದೂ ನಿಜ. ಆದರೆ ಆ ಶಿಫಾರಸು ಸೋಂಕು ವ್ಯಾಪಕವಾಗಿದ್ದ ಪ್ರದೇಶಗಳಿಗಾಗಿತ್ತು, ಅಲ್ಲಿಯೂ ಕಾಂಡೋಮ್ ಬಿಡುವಂತಿರಲಿಲ್ಲ.

‘ಯಾವಾಗ’ ಎಂಬುದನ್ನು ನಿರ್ಧರಿಸಿದ್ದು ಮುಖ್ಯವಾಗಿ ನನ್ನ ಸಕ್ಕರೆ. ಹಿಂದಿನ ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಆಗ 9ರ ಮೇಲಿತ್ತು. ಈ ಮಟ್ಟದಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ, ಕೀವಾಗುವ ಭಯವೂ ಹೆಚ್ಚು. “ಮೇಷ್ಟ್ರೇ, ಇದೇನೂ ಇವತ್ತೇ ಮಾಡಬೇಕಾದ ಕೆಲಸ ಅಲ್ಲ. ಶುಗರ್ ಇಳಿಸಿಕೊಂಡು ಬನ್ನಿ” ಎಂದು ವೈದ್ಯರು ಹೇಳಿದ್ದು ಬೇಸಿಗೆಯ ಆರಂಭದಲ್ಲಿ. ಬಳ್ಳಾರಿಯ ಏಪ್ರಿಲ್, ಮೇ ಬೆವರಿನಲ್ಲಿ ಹೊಲಿಗೆ ಒಣಗಿಸಿಕೊಳ್ಳುವ ಯೋಚನೆಯೇ ನನಗೆ ಬೇಡವಾಗಿತ್ತು, ಜೊತೆಗೆ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನವೂ ಇತ್ತು. ಹಾಗಾಗಿ ದಸರಾ ರಜೆಯನ್ನು ಗುರಿಯಾಗಿಟ್ಟುಕೊಂಡು ಊಟ, ನಡಿಗೆ, ಮಾತ್ರೆಗಳನ್ನು ಸರಿಪಡಿಸಿಕೊಂಡೆ. ನನ್ನ ಹೆಂಡತಿಗೂ ಆಗಾಗ ಅದೇ ಶಿಲೀಂಧ್ರದ ತೊಂದರೆಯಾಗುತ್ತಿದ್ದುದರಿಂದ ಆಕೆಯೂ ಚಿಕಿತ್ಸೆ ಪಡೆದಳು. “ಮಾಡಿಸ್ಕೊಳ್ರಿ, ನಾ ಬ್ಯಾಡ ಅನ್ನಲ್ಲ. ಶುಗರ್ ಇಳಿಯೋತನಕ ಮಾತ್ರ ಅವಸರ ಮಾಡಬ್ಯಾಡ್ರಿ” ಎಂದಳು. ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಗಂಡ ಹೆಂಡತಿ ಕೂಡುವಂತಿಲ್ಲ ಎಂಬುದನ್ನು ಇಬ್ಬರೂ ವೈದ್ಯರ ಎದುರಿಗೇ ಕುಳಿತು ಕೇಳಿಸಿಕೊಂಡೆವು. ಸೆಪ್ಟೆಂಬರಿನಲ್ಲಿ ವರದಿ 7.4 ಬಂತು.

ಕಾಯಬಾರದ ಸಂದರ್ಭಗಳೂ ಇವೆ. ಹಿಂದಕ್ಕೆ ಸರಿದ ತೊಗಲು ಮುಂದಕ್ಕೆ ಬಾರದೆ ಸಿಕ್ಕಿಕೊಂಡು ತುದಿ ಊದತೊಡಗಿದರೆ, ಅಥವಾ ಮೂತ್ರವೇ ಕಟ್ಟಿದರೆ, ಸಕ್ಕರೆ ಎಷ್ಟೇ ಇರಲಿ, ರಾತ್ರಿಯೇ ಆಗಿರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗೋಡೆಗಳ ಮೇಲೆ, ಫೋನಿನಲ್ಲಿ ಕಾಣುವ ‘ಲೇಸರ್ ಸುನ್ನತಿ’ಯ ಜಾಹೀರಾತನ್ನು ನೋಡಿ ಒಂದು ಕಡೆ ವಿಚಾರಿಸಿದೆ, ಅಲ್ಲಿ ಬಳಸುತ್ತಿದ್ದದ್ದು ಸ್ಟೇಪ್ಲರ್ ಸಾಧನ. ಅದರಲ್ಲಿ ಕೆಲಸ ಬೇಗ ಮುಗಿಯುತ್ತದೆ, ಸಾಧನದ ಖರ್ಚು ಬೇರೆ. ನನ್ನ ಗಡಸು ತೊಗಲಿಗೆ ಕೈಹೊಲಿಗೆಯೇ ಸರಿ ಎಂದು ನಮ್ಮ ವೈದ್ಯರು ಹೇಳಿದ್ದರಿಂದ ಅದನ್ನೇ ಒಪ್ಪಿದೆ. ಬುಡದಲ್ಲಿ ಅರಿವಳಿಕೆಯ ಚುಚ್ಚುಮದ್ದು ಕೊಟ್ಟಾಗ ಕಣ್ಣಲ್ಲಿ ನೀರು ಬಂತು; ಅದರ ನಂತರ ಎಳೆದಂತಾಗುವುದು ಬಿಟ್ಟರೆ ನೋವಿರಲಿಲ್ಲ. ಸಂಜೆಗೆ ಮನೆಗೆ ಬಂದೆ.

ನಿಜವಾದ ಕಷ್ಟ ಮೊದಲ ಎರಡು ವಾರದ ಬೆಳಗಿನ ಜಾವದ್ದು. ನಿದ್ದೆಯಲ್ಲಿ ತಾನಾಗಿ ಆಗುವ ನಿಮಿರುವಿಕೆ ಹೊಲಿಗೆಯನ್ನು ಎಳೆದು ಎಬ್ಬಿಸುತ್ತಿತ್ತು. ಮಲಗುವ ಮುನ್ನ ಮೂತ್ರ ಮಾಡಿ, ಎಚ್ಚರವಾದಾಗ ಎದ್ದು ನಾಲ್ಕು ಹೆಜ್ಜೆ ನಡೆದರೆ ತಗ್ಗುತ್ತಿತ್ತು. ನಮ್ಮ ಶಾಲೆಯ ಉರ್ದು ಮೇಷ್ಟ್ರು ತಮ್ಮ ಮಕ್ಕಳ ಸುನ್ನತಿಯ ಅನುಭವದಿಂದ “ಸರ್, ಬಟ್ಟೆ ತಾಗದ ಹಾಗೆ ನೋಡಿಕೊಂಡರೆ ಅರ್ಧ ನೋವು ಕಡಿಮೆ” ಎಂದು ಹೇಳಿಕೊಟ್ಟಿದ್ದರು. ಸಡಿಲ ಲುಂಗಿಯಲ್ಲಿಯೇ ರಜೆ ಕಳೆದೆ. ಹೊಸದಾಗಿ ತೆರೆದುಕೊಂಡ ತುದಿಗೆ ಬಟ್ಟೆಯ ಸವರಿಕೆಯೂ ಚುರುಕೆನ್ನುತ್ತಿತ್ತು, ಅದಕ್ಕೆ ವ್ಯಾಸಲೀನ್ ಹಚ್ಚಿಕೊಳ್ಳುತ್ತಿದ್ದೆ. ಹೊಲಿಗೆಯ ಸಾಲಿನಲ್ಲಿ ಹಳದಿ ಪೊರೆ ಕಂಡು ಕೀವೆಂದು ಗಾಬರಿಯಾದೆ. ಫೋಟೋ ನೋಡಿದ ವೈದ್ಯರು ಅದು ಮಾಯುವ ಲಕ್ಷಣ, ಜ್ವರ, ದುರ್ವಾಸನೆ, ದಿನದಿಂದ ದಿನಕ್ಕೆ ಏರುವ ಕೆಂಪು ಇದ್ದರೆ ಮಾತ್ರ ಓಡಿ ಬನ್ನಿ ಎಂದರು. ಕರಗುವ ಹೊಲಿಗೆಗಳು ಮೂರನೆಯ ವಾರದ ಹೊತ್ತಿಗೆ ಸ್ನಾನದಲ್ಲಿ ಒಂದೊಂದಾಗಿ ಉದುರಿದವು. ಶಾಲೆಗೆ ಬೈಕಿನ ಬದಲು ಕೆಲವು ದಿನ ಬಸ್ಸಿನಲ್ಲಿ ಹೋದೆ.

ತೆಗೆದ ತೊಗಲನ್ನು ಎಸೆಯದೆ ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಮೊದಲೇ ಮಾತಾಗಿತ್ತು. ಲೈಕೆನ್ ಸ್ಕ್ಲೆರೋಸಸ್ ಹೌದು, ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ಸುನ್ನತಿಯಾದ ಮೇಲೆಯೂ ಆ ರೋಗ ತುದಿಯಲ್ಲಿ ಉಳಿದಿರಬಹುದಾದ್ದರಿಂದ ವರ್ಷಕ್ಕೊಮ್ಮೆ ತೋರಿಸಲು ಹೇಳಿದ್ದಾರೆ. ನಡುವೆ ಮೂತ್ರದ ಧಾರೆ ಸಣ್ಣದಾದರೆ ಅಥವಾ ಕವಲೊಡೆದರೆ ವರ್ಷ ತುಂಬುವುದನ್ನು ಕಾಯದೆ ಹೋಗಬೇಕು.